ಕರೆ ಬಂದದ್ದು ಯಾರಿಗೆ?

ಒಂದೇ ಹುದ್ದೆಗೆ ದೇವರು ಮೂರು ನಾಲ್ಕು ಜನರನ್ನು ಒಟ್ಟಿಗೆ ಕರೆಯುತ್ತಾನೆಯೇ? 2011ರಲ್ಲಿ ಅಯೋವಾ ರಾಜ್ಯದ ಕ್ರೈಸ್ತರ ಮುಂದೆ ಈ ಪ್ರಶ್ನೆ ಬಂದು ನಿಂತಿತ್ತು. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಒಬಾಮಾ ಅವರ ಎದುರು ರಿಪಬ್ಲಿಕನ್ ಪಕ್ಷದಿಂದ ಯಾರು ನಿಲ್ಲಬೇಕು ಎಂಬ ಚರ್ಚೆ ವರ್ಷವಿಡೀ ನಡೆಯಿತು. ಮಿನೆಸೋಟಾದ ಸಂಸದೆ ಮಿಶೆಲ್ ಬಾಕ್‌ಮನ್ ತಮ್ಮ ಎದೆಗೆ ಕರೆ ಬಂದಿದೆ ಎಂದರು. ಪಿಜ್ಜಾ ಕಂಪನಿ ನಡೆಸಿದ್ದ ಹರ್ಮನ್ ಕೇನ್, ಬಹಳ ಪ್ರಾರ್ಥಿಸಿದ ಮೇಲೆ ದೇವರೇ ತನ್ನನ್ನು ಒಪ್ಪಿಸಿದನೆಂದೂ ಮೋಶೆಯ ಹಾಗೆ ತಾನೂ ಹಿಂಜರಿದೆನೆಂದೂ ಹೇಳಿದರು. ಟೆಕ್ಸಸ್ ಗವರ್ನರ್ ರಿಕ್ ಪೆರಿಯವರ ಪತ್ನಿ, ಮೋಶೆಗೆ ಕರೆ ಬಂದ ಉರಿಯುವ ಪೊದೆಯ ಮಾತು ತೆಗೆದರು. ಪತ್ರಿಕೆಗಳಲ್ಲಿ ಇದನ್ನು ಗೇಲಿ ಮಾಡಿದವರಿದ್ದರು. ನನಗೆ ನಗು ಬರಲಿಲ್ಲ, ಏಕೆಂದರೆ ನಾನು ಹುಟ್ಟಿ ಬೆಳೆದ ಮನೆ ನಡೆದದ್ದೇ ಕರೆಯ ಮೇಲೆ.

ನನ್ನ ಅಪ್ಪ ಗದಗ-ಬೆಟಗೇರಿಯ ಕಡೆ ಉಪದೇಶಿಯಾಗಿದ್ದರು. ಬಾಸೆಲ್ ಮಿಷನ್ನಿನವರು ಕಟ್ಟಿದ ಸಭೆ, ಆಮೇಲೆ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಆದದ್ದು. ನಾನು ಅಲ್ಲಿಯೇ ನರ್ಸಿಂಗ್ ಕಲಿತು, ಮದುವೆಯಾಗಿ, ಕೊನೆಗೆ ಅಯೋವಾದ ಡಿ ಮೊಯ್ನ್ ಪಟ್ಟಣಕ್ಕೆ ಬಂದು ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದವಳು. ಇಲ್ಲಿ ಪೌರತ್ವ ಪಡೆದ ಮೇಲೆ ರಿಪಬ್ಲಿಕನ್ ಎಂದು ಹೆಸರು ಬರೆಸಿದೆ. ಹುಟ್ಟದ ಮಗುವಿನ ಜೀವದ ಬಗ್ಗೆ, ಕುಟುಂಬದ ಬಗ್ಗೆ ನನ್ನ ನಂಬಿಕೆಗಳು ಆ ಪಕ್ಷದಲ್ಲೇ ಇದ್ದವು. ಬುಧವಾರ ಸಂಜೆ ನಮ್ಮ ಬೀದಿಯ ಬ್ಯಾಪ್ಟಿಸ್ಟ್ ವಿಧವೆಯೊಬ್ಬರ ಮನೆಯಲ್ಲಿ ಬೈಬಲ್ ಅಭ್ಯಾಸ. ಜೋಳದ ರೈತರು, ಶಾಲೆಯ ಶಿಕ್ಷಕಿ, ವಿಮಾ ಕಚೇರಿಯವರು ಬರುತ್ತಿದ್ದರು. ಆ ವರ್ಷ ವಚನ ಓದಿ ಮುಗಿಸುವಷ್ಟರಲ್ಲಿ ಮಾತು ಅಭ್ಯರ್ಥಿಗಳ ಕಡೆ ಹೊರಳುತ್ತಿತ್ತು.

ಮನೆಯೊಡತಿಗೆ ಮೈಕ್ ಹಕಬಿ ಬೇಕಿತ್ತು. ಆರ್ಕನ್ಸಾದ ಗವರ್ನರ್ ಆಗುವ ಮುಂಚೆ ಅವರು ಬ್ಯಾಪ್ಟಿಸ್ಟ್ ಸಭಾಪಾಲಕರು. 2008ರ ಜನವರಿಯಲ್ಲಿ ಅಯೋವಾದ ಕಾಕಸ್ (ಪಕ್ಷದ ಅಭ್ಯರ್ಥಿಯನ್ನು ಆರಿಸಲು ನೆರೆಹೊರೆಯವರು ಸೇರುವ ಸಭೆ) ಗೆದ್ದಿದ್ದರು. ಈ ಸಲವೂ ಸಮೀಕ್ಷೆಗಳಲ್ಲಿ ಮುಂದಿದ್ದರು. ಆದರೆ 2011ರ ಮೇ 14ರಂದು ತಮ್ಮ ಟಿ.ವಿ. ಕಾರ್ಯಕ್ರಮದಲ್ಲೇ, ಹೊರಗಿನ ಲಕ್ಷಣಗಳೆಲ್ಲ ಹೋಗು ಅನ್ನುತ್ತಿವೆ, ಒಳಗಿನ ಮನಸ್ಸು ಮಾತ್ರ ಒಪ್ಪುತ್ತಿಲ್ಲ ಎಂಬ ಅರ್ಥದ ಮಾತಾಡಿ ಹಿಂದೆ ಸರಿದರು. ಎಂಟು ದಿನಕ್ಕೆ ಇಂಡಿಯಾನಾದ ಗವರ್ನರ್ ಮಿಚ್ ಡೇನಿಯಲ್ಸ್ ಕೂಡ ಮನೆಯವರ ಮಾತಿಗೆ ತಲೆಬಾಗಿ ಒಲ್ಲೆ ಎಂದರು. ಅದೇ ರಾಜ್ಯದ ಸಂಸದ ಮೈಕ್ ಪೆನ್ಸ್ ಆಗಲೇ ಹಿಂದೆ ಸರಿದಾಗಿತ್ತು. ಅಂದರೆ ಕರೆ ಬಂತು ಎಂದವರನ್ನು ಜನ ಇನ್ನೂ ಅಳೆಯುತ್ತಿದ್ದರು, ಜನ ಕರೆದವರು ಕರೆ ಬರಲಿಲ್ಲ ಎಂದು ಕೂತುಬಿಟ್ಟರು. ಇದರ ಅರ್ಥವೇನೆಂದು ನಾವು ಎಷ್ಟೋ ಬುಧವಾರ ಕೇಳಿಕೊಂಡೆವು.

ಉಳಿದವರ ಪೈಕಿ ಗೆಲ್ಲುವ ಬಲವಿದ್ದದ್ದು ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿದ್ದ ಮಿಟ್ ರಾಮ್ನಿಗೆ. ಅವರು ಮಾರ್ಮನ್ ಪಂಥದವರು. ಅಕ್ಟೋಬರಿನಲ್ಲಿ ಡಲ್ಲಾಸಿನ ಸಭಾಪಾಲಕ ರಾಬರ್ಟ್ ಜೆಫ್ರಿಸ್, ಪೆರಿಯವರನ್ನು ಬೆಂಬಲಿಸುತ್ತ, ಮಾರ್ಮನ್ ಪಂಥ ಕ್ರೈಸ್ತಧರ್ಮವಲ್ಲ, ಅದೊಂದು ಕಲ್ಟ್, ಅಂದರೆ ದಾರಿತಪ್ಪಿದ ಗುಂಪು, ಎಂದು ಬಹಿರಂಗವಾಗಿ ಹೇಳಿದರು. ನಮ್ಮ ಗುಂಪಿನ ರೈತರೊಬ್ಬರು ಅದನ್ನೇ ಹಿಡಿದರು: ದೇವರ ಬಗ್ಗೆಯೇ ತಪ್ಪು ತಿಳಿದವನು ದೇಶದ ಬಗ್ಗೆ ಸರಿಯಾಗಿ ಹೇಗೆ ತಿಳಿದಾನು? ಶಿಕ್ಷಕಿ ಸಂವಿಧಾನದ ಆರನೆಯ ವಿಧಿಯನ್ನು ನೆನಪಿಸಿದರು. ಹುದ್ದೆಗೆ ಧರ್ಮದ ಪರೀಕ್ಷೆ ಇರಕೂಡದು ಎಂದು ಅದು ಹೇಳುತ್ತದೆ. ಆ ವಿಧಿ ಸರ್ಕಾರದ ಕೈ ಕಟ್ಟುತ್ತದೆ, ಮತದಾರನ ಮನಸ್ಸನ್ನಲ್ಲ ಎಂದು ರೈತರು ಉತ್ತರ ಕೊಟ್ಟರು. ಅವರ ಮಾತು ಸರಿಯೇ. ನಾನು ಯಾರಿಗೆ ಬೇಕಾದರೂ ಏನು ಬೇಕಾದರೂ ಕೇಳಬಹುದು. ಏನನ್ನು ಕೇಳಬೇಕು ಎಂಬುದೇ ತೊಡಕು.

ನವೆಂಬರ್ 19ರಂದು ಡಿ ಮೊಯ್ನ್‌ನ ಫಸ್ಟ್ ಫೆಡರೇಟೆಡ್ ಚರ್ಚಿನಲ್ಲಿ ಆರು ಅಭ್ಯರ್ಥಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದರು. ಬಾಕ್‌ಮನ್, ಕೇನ್, ಗಿಂಗ್ರಿಚ್, ರಾನ್ ಪಾಲ್, ಪೆರಿ, ಸ್ಯಾಂಟೋರಮ್. ರಾಮ್ನಿ ಬರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಮೇಜಿನಂತೆ ಸಜ್ಜು ಮಾಡಿದ್ದರು. ನಾನು ಹೋಗಿದ್ದೆ. ತೆರಿಗೆ, ಯುದ್ಧ, ಗಡಿಯ ಮಾತು ಅಲ್ಲಿ ಕಡಿಮೆ. ಬದುಕಿನಲ್ಲಿ ಮುರಿದುಬಿದ್ದ ಗಳಿಗೆ ಯಾವುದು, ಆಗ ದೇವರು ಎಲ್ಲಿದ್ದ ಎಂಬಂಥ ಪ್ರಶ್ನೆಗಳು. ಕೇನ್ ತಮ್ಮ ನಾಲ್ಕನೆಯ ಹಂತದ ಕ್ಯಾನ್ಸರ್ ನೆನೆದು ಅತ್ತರು. ಸ್ಯಾಂಟೋರಮ್ ತಮ್ಮ ಕಿರಿಮಗಳ ಬಗ್ಗೆ ಹೇಳಿದರು. ಟ್ರೈಸೊಮಿ 18 ಎಂಬ ವರ್ಣತಂತುವಿನ ದೋಷ ಹೊತ್ತು ಹುಟ್ಟಿದ ಕೂಸು. ಕಳೆದುಕೊಂಡರೆ ನೋವಾದೀತೆಂದು ಮೊದಲು ಅವಳಿಂದ ಮನಸ್ಸನ್ನು ದೂರ ಇಟ್ಟಿದ್ದೆ ಎಂದು ಒಪ್ಪಿಕೊಳ್ಳುವಾಗ ಅವರ ಗಂಟಲು ಕಟ್ಟಿತು.

ಇಂಥ ತಂದೆತಾಯಿಗಳನ್ನು, ಇಂಥ ರೋಗಿಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಆ ಕಣ್ಣೀರು ನಿಜವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಕಣ್ಣೂ ತುಂಬಿತ್ತು. ಆದರೂ ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ಸಾಕ್ಷಿ ಹೇಳುವುದು ನಮ್ಮ ಸಭೆಗಳಲ್ಲಿ ದೇವರಿಗೆ ಸಲ್ಲುವ ಸ್ತುತಿ. ಅದರ ಕೊನೆಯಲ್ಲಿ ಹೇಳುವವನಿಗೆ ಏನೂ ಸಿಗಬಾರದು. ಆ ರಾತ್ರಿ ಮೇಜಿನ ಸುತ್ತ ಕೂತವರು ಸಾಕ್ಷಿ ಹೇಳಿ ಮತ ಕೇಳಬೇಕಾಗಿತ್ತು. ತಪ್ಪು ಅವರಿಗಿಂತ ಹೆಚ್ಚಾಗಿ ಕೇಳಿದ ನಮ್ಮದು. ನಾವು ಒಬ್ಬನ ಎದೆಯನ್ನು ತೆರೆಸಿ ನೋಡಿ ಅದರಿಂದ ಅವನ ಆಳ್ವಿಕೆಯನ್ನು ತೂಗಲು ಹೊರಟಿದ್ದೆವು.

ಅಪ್ಪನ ಕಾಲದಲ್ಲಿ ಹೀಗಿರಲಿಲ್ಲ. ನಾನು ಹುಡುಗಿಯಾಗಿದ್ದಾಗ ಸಭೆಯ ಒಬ್ಬ ತರುಣ ತನಗೆ ದೇವರ ಕರೆ ಬಂದಿದೆ, ದೈವಶಿಕ್ಷಣಕ್ಕೆ ಕಳಿಸಿ ಎಂದು ಹಿರಿಯರ ಮುಂದೆ ನಿಂತ. ಕಣ್ಣಲ್ಲಿ ನೀರು. ಅಪ್ಪ ಅವನ ಬೆನ್ನು ಸವರಿ ಹೇಳಿದರು: “ತಮ್ಮಾ, ನಿನಗ ಕರೆ ಬಂದದ, ಖರೆ. ಸಭಾಕ್ಕೂ ಬರಬೇಕಲ್ಲ? ನೀ ಸ್ವಲ್ಪ ಹೊರಗ ಕೂಡು.” ಅವನು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತ. ಒಳಗೆ ಹಿರಿಯರು ಕಿರಾಣಿ ಅಂಗಡಿಯವರನ್ನು ಕರೆಸಿ ಉದ್ರಿ ತೀರಿಸುತ್ತಾನೋ ಎಂದು ಕೇಳಿದರು. ಅಂಗಡಿಯವರು ನಮ್ಮ ಧರ್ಮದವರೂ ಅಲ್ಲ. ಅವನ ಅವ್ವನನ್ನು ಕೇಳಿದರು, ಮನೆಯಲ್ಲಿ ತಂಗಿಯರ ಜೊತೆ ಹೇಗೆ ಮಾತಾಡುತ್ತಾನೆ ಎಂದು. ಅವನು ಜಡ್ಡಾದವರ ಮನೆಗೆ ಹೋಗುತ್ತಾನೋ ಇಲ್ಲವೋ ಎಂದು ಓಣಿಯವರನ್ನು ಕೇಳಿದರು. ಒಳಗಿನ ಕರೆ, ಹೊರಗಿನ ಕರೆ ಎಂದು ಎರಡುಂಟು, ಎರಡೂ ಕೂಡಿದರೇ ಅದು ಕರೆ ಎಂಬುದು ಪ್ರೊಟೆಸ್ಟಂಟ್ ಸುಧಾರಕ ಕಾಲ್ವಿನನ ಕಾಲದಿಂದ ಬಂದ ವಿಚಾರ. ಬೆಟಗೇರಿಯ ಹಿರಿಯರು ಕಾಲ್ವಿನನನ್ನು ಓದಿದ್ದರೋ ಕಾಣೆ, ಆಚರಣೆ ಮಾತ್ರ ಅದೇ. ಒಬ್ಬನ ಕರೆಯ ಬಗ್ಗೆ ಅವನೊಬ್ಬನ ಮಾತು ಸಾಲದು. ಅವನು ಇಲ್ಲದಾಗ ಬೇರೆಯವರು ಏನು ಹೇಳುತ್ತಾರೆ ಎಂಬುದು ಬೇಕು.

ಇದನ್ನು ನಾನು ಮುಂದಿನ ಬುಧವಾರ ಹೇಳಿದೆ. ವಿಮಾ ಕಚೇರಿಯವರು ಒಪ್ಪಿದರು. ಹಾಗಾದರೆ ಈ ಆರೂ ಜನರನ್ನು ಹೊರಗೆ ಕೂರಿಸಿ ಅವರ ಸಿಬ್ಬಂದಿಯನ್ನು, ಎದುರಾಳಿಗಳನ್ನು, ಸಾಲ ಕೊಟ್ಟವರನ್ನು ಕೇಳಬೇಕು ಎಂದರು. ರೈತರು ಒಪ್ಪಲಿಲ್ಲ. ಸಭಾಪಾಲಕನ ಕೆಲಸ ಬೇರೆ, ಅಧ್ಯಕ್ಷನ ಕೆಲಸ ಬೇರೆ, ಅಧ್ಯಕ್ಷನಿಗೆ ಕರೆ ಎಂಬುದೇ ಇಲ್ಲ, ಅದು ಬರೀ ಉದ್ಯೋಗ ಎಂದರು. ನನಗೆ ಹಾಗನ್ನಿಸುವುದಿಲ್ಲ. ಯುದ್ಧಕ್ಕೆ ಮಕ್ಕಳನ್ನು ಕಳಿಸುವ ಅಧಿಕಾರವನ್ನು ಬರೀ ಉದ್ಯೋಗ ಎಂದುಕೊಂಡವನ ಕೈಗೆ ಕೊಡಲು ನನಗೆ ಭಯ.

ಆಗಲೇ ಯೋತಾಮನ ಕಥೆ ಬಂತು. ನ್ಯಾಯಸ್ಥಾಪಕರ ಪುಸ್ತಕದ ಒಂಬತ್ತನೆಯ ಅಧ್ಯಾಯ. ಮರಗಳೆಲ್ಲ ತಮಗೊಬ್ಬ ಅರಸ ಬೇಕೆಂದು ಹೊರಡುತ್ತವೆ. ಎಣ್ಣೆಮರವನ್ನು ಕೇಳಿದರೆ ಎಣ್ಣೆ ಕೊಡುವುದನ್ನು ಬಿಟ್ಟು ಬರಲಾರೆ ಅನ್ನುತ್ತದೆ. ಅಂಜೂರ ತನ್ನ ಸಿಹಿಯನ್ನು ಬಿಡಲೊಲ್ಲದು, ದ್ರಾಕ್ಷಿಬಳ್ಳಿ ತನ್ನ ರಸವನ್ನು. ಕೊನೆಗೆ ಮುಳ್ಳುಗಿಡ ಕೂಡಲೇ ಒಪ್ಪಿ, ನನ್ನ ನೆರಳಿಗೆ ಬನ್ನಿ, ಬಾರದಿದ್ದರೆ ಬೆಂಕಿ ಹೊರಟೀತು ಎನ್ನುತ್ತದೆ. ಯೋತಾಮ ಇದನ್ನು ಹೇಳಿದ್ದು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು, ತನ್ನ ಅಣ್ಣಂದಿರನ್ನೆಲ್ಲ ಕೊಂದು ಅರಸನಾದ ಅಬೀಮೆಲೆಕನನ್ನೂ ಅವನಿಗೆ ದುಡ್ಡು ಕೊಟ್ಟ ಶೆಕೆಮಿನವರನ್ನೂ ಕುರಿತು. ಮೂರು ವರ್ಷದಲ್ಲಿ ಆ ಬೆಂಕಿ ನಿಜವಾಗಿಯೇ ಹೊತ್ತಿತು.

ಭಾನುವಾರದ ಶಾಲೆಯಲ್ಲಿ ಈ ಕಥೆಯ ಪಾಠ ಸರಳ: ಅಧಿಕಾರವನ್ನು ಬೇಡುವವನು ಮುಳ್ಳು, ಒಲ್ಲೆನೆಂದವರು ಒಳ್ಳೆಯವರು. ಮನೆಯೊಡತಿ ಹಕಬಿಯವರನ್ನು ಎಣ್ಣೆಮರವೆಂದೇ ಕಂಡಿದ್ದರು. ಅವರು ಹಿಂದೆ ಸರಿದದ್ದರಿಂದ ಅವರ ಮೇಲಿನ ಗೌರವ ಇನ್ನೂ ಹೆಚ್ಚಿತ್ತು. ನನಗೆ ಆ ಓದು ಸಾಲದು. ಮೂರು ಒಳ್ಳೆಯ ಮರಗಳು ಒಲ್ಲೆನೆಂದದ್ದರಿಂದಲ್ಲವೇ ಮುಳ್ಳಿನ ಪಾಳಿ ಬಂದದ್ದು? ಬೆಂಕಿ ಹೊರಟಾಗ ಎಣ್ಣೆಮರ ಉಳಿಯುತ್ತದೆಯೇ? ಪ್ಲೇಟೋನ ‘ರಿಪಬ್ಲಿಕ್’ ಗ್ರಂಥದ ಮೊದಲ ಭಾಗದಲ್ಲಿ ಸಾಕ್ರೆಟಿಸ್ ಹೇಳುವುದೂ ಇದನ್ನೇ: ಒಳ್ಳೆಯವರು ಆಳಲು ಒಪ್ಪದಿದ್ದರೆ ಅವರಿಗೆ ಸಿಗುವ ದೊಡ್ಡ ದಂಡನೆ, ತಮಗಿಂತ ಕೀಳಾದವರ ಕೈಕೆಳಗೆ ಬಾಳುವುದು. 2011ರ ಅಭ್ಯರ್ಥಿಗಳಲ್ಲಿ ಯಾರೂ ಅಬೀಮೆಲೆಕನಲ್ಲ. ಹಾಗೆ ಹೋಲಿಸುವುದು ಪಾಪ. ಬೇಕು ಎಂದವನನ್ನು ಪರೀಕ್ಷಿಸುವಷ್ಟೇ ಗಟ್ಟಿಯಾಗಿ ಒಲ್ಲೆ ಎಂದವನನ್ನೂ ಪರೀಕ್ಷಿಸಬೇಕು ಎಂಬುದಷ್ಟೇ ನನ್ನ ಮಾತು. ಸೌಲನನ್ನು ಅರಸನೆಂದು ಸಾರುವ ದಿನ ಅವನು ಸಾಮಾನುಗಳ ನಡುವೆ ಅಡಗಿ ಕೂತಿದ್ದ. ಆ ಸಂಕೋಚ ಅವನ ಆಳ್ವಿಕೆಯನ್ನು ಕಾಪಾಡಲಿಲ್ಲ.

ಡೇನಿಯಲ್ಸ್ ಮನೆಯವರಿಗಾಗಿ ನಿಂತದ್ದನ್ನು ನಾನು ಒಪ್ಪುತ್ತೇನೆ. ಹೆಂಡತಿ ಮಕ್ಕಳ ಮಾತೂ ಹೊರಗಿನ ಸಾಕ್ಷಿಯೇ, ಎಲ್ಲರಿಗಿಂತ ಹತ್ತಿರದ್ದು. ಆದರೆ ಒಳಗೆ ನೆಮ್ಮದಿಯಿಲ್ಲ ಎಂಬ ಹಕಬಿಯವರ ಒಂದೇ ಕಾರಣ ನನಗೆ ಅಷ್ಟು ಗಟ್ಟಿ ಅನಿಸಲಿಲ್ಲ. ಮೋಶೆಗೆ ನೆಮ್ಮದಿ ಎಲ್ಲಿತ್ತು? ಯೋನ ಹಡಗು ಹತ್ತಿದ್ದೇ ನೆಮ್ಮದಿ ಹುಡುಕಿಕೊಂಡು.

2012ರ ಜನವರಿ 3ರ ಸಂಜೆ ನಮ್ಮ ವಾರ್ಡಿನ ಕಾಕಸ್ ಶಾಲೆಯ ಊಟದ ಹಾಲಿನಲ್ಲಿ ಸೇರಿತು. ಅಭ್ಯರ್ಥಿಗಳು ಅಲ್ಲಿರುವುದು ಅಪರೂಪ. ಒಬ್ಬೊಬ್ಬರ ಪರವಾಗಿ ನೆರೆಯವರೇ ಎದ್ದು ಎರಡು ಮಾತಾಡುತ್ತಾರೆ, ಆಮೇಲೆ ಚೀಟಿಯಲ್ಲಿ ಹೆಸರು ಬರೆದು ಹಾಕುವುದು. ಅಯೋವಾದ ಈ ಪದ್ಧತಿ ಅಪ್ಪನಿಗೆ ಹಿಡಿಸುತ್ತಿತ್ತು. ಸ್ಯಾಂಟೋರಮ್ ಪರವಾಗಿ ಎದ್ದವರು, ಅವರು 99 ಜಿಲ್ಲೆಗಳನ್ನೂ ಸುತ್ತಿ, ಕೆಲವೇ ಜನ ಇದ್ದ ಕಡೆಯೂ ಕೂತು ಉತ್ತರ ಕೊಟ್ಟದ್ದನ್ನು ಹೇಳಿದರು. ಒಳ್ಳೆಯ ಸಾಕ್ಷಿ ಅದು, ಅವರ ಕಣ್ಣೀರಿಗಿಂತ ನನಗೆ ಹೆಚ್ಚು ತೂಕದ್ದು. ಆದರೂ ನಾನು ರಾಮ್ನಿ ಎಂದು ಬರೆದೆ. ಬಾಸ್ಟನ್ ಕಡೆ ಅವರು ವರ್ಷಗಟ್ಟಲೆ ಸಂಬಳವಿಲ್ಲದೆ ತಮ್ಮ ಸಭೆಯ ಬಿಷಪ್ ಆಗಿ ಜನರ ಕಷ್ಟ ನೋಡಿಕೊಂಡದ್ದು, ಬೇರೆ ಪಕ್ಷದವರೇ ತುಂಬಿದ್ದ ರಾಜ್ಯವನ್ನು ಆಳಿದ್ದು ನನಗೆ ಕಿರಾಣಿ ಅಂಗಡಿಯವರ ಮಾತಿನ ಹಾಗೆ ಕೇಳಿತು. ದೇವರ ಬಗ್ಗೆ, ತ್ರಯೇಕತ್ವದ ಬಗ್ಗೆ ಅವರ ಪಂಥ ಹೇಳುವುದನ್ನು ನಾನು ಒಪ್ಪುವುದಿಲ್ಲ. ಅದನ್ನೂ ಅದೇ ಸಂಜೆ, ಅದೇ ಮೇಜಿನಲ್ಲಿ ಹೇಳಿದೆ.

ಆ ವರ್ಷದ ಅಕ್ಟೋಬರಿನಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಇದೇ ವಿಷಯ. ಅಷ್ಟರಲ್ಲಿ ರಾಮ್ನಿ ಪಕ್ಷದ ಅಭ್ಯರ್ಥಿಯಾಗಿದ್ದರು. ಅವರು ಹೆಸರಾಂತ ಸುವಾರ್ತಿಕ ಬಿಲ್ಲಿ ಗ್ರಹಾಂ ಅವರನ್ನು ಕಂಡುಬಂದ ಮೇಲೆ, ಗ್ರಹಾಂ ಅವರ ಸಂಸ್ಥೆಯ ಜಾಲತಾಣದಲ್ಲಿ ಮಾರ್ಮನ್ ಪಂಥವನ್ನು ಕಲ್ಟ್‌ಗಳ ಸಾಲಿನಲ್ಲಿ ಸೇರಿಸಿದ್ದ ಬರಹ ಇಲ್ಲವಾಯಿತು. ನಾನು ರಾಮ್ನಿಗೇ ಮತ ಹಾಕುವವಳು. ಆದರೂ ಇದು ಸರಿಯಲ್ಲ. ಅವರು ಆಳಬಲ್ಲರು ಎಂದು ಹೇಳಲು ಅವರ ಬೋಧನೆ ನಮ್ಮದೇ ಎಂದು ನಟಿಸಬೇಕಿಲ್ಲ. 1960ರಲ್ಲಿ ಕೆನಡಿ ಕ್ಯಾಥೊಲಿಕ್ ಎಂದು ಪ್ರೊಟೆಸ್ಟಂಟ್ ಬೋಧಕರು ಎದ್ದು ವಿರೋಧಿಸಿದ್ದರು. 2012ರಲ್ಲಿ ಅಂಥದೇ ಸಭೆಗಳವರು ಕ್ಯಾಥೊಲಿಕ್ ಸ್ಯಾಂಟೋರಮ್ ಅವರನ್ನು ನಮ್ಮವನೆಂದರು. ಆ ಮನಸ್ಸು ಪ್ರಾರ್ಥನೆಯಿಂದ ಬದಲಾಗಿದ್ದರೆ ಸಂತೋಷ. ಮತಪೆಟ್ಟಿಗೆಗಾಗಿ ಬದಲಾಗಿದ್ದರೆ ನಮ್ಮ ವಿಶ್ವಾಸಪ್ರಮಾಣಕ್ಕೆ ಏನು ಬೆಲೆ ಉಳಿಯಿತು?

ಅದಕ್ಕೂ ಮುಂಚೆ, ಆಗಸ್ಟಿನಲ್ಲಿ, ಟ್ಯಾಂಪಾದಲ್ಲಿ ನಡೆದ ರಿಪಬ್ಲಿಕನ್ ಸಮಾವೇಶದಲ್ಲಿ ವೃದ್ಧ ದಂಪತಿ ವೇದಿಕೆಗೆ ಬಂದಿದ್ದರು. 1979ರಲ್ಲಿ ಅವರ ಹದಿನಾಲ್ಕು ವರ್ಷದ ಮಗ ಕ್ಯಾನ್ಸರಿನಿಂದ ಸಾಯುತ್ತಿದ್ದ. ಸಭೆಯ ಗೆಳೆಯನಾಗಿ ಬರುತ್ತಿದ್ದ ರಾಮ್ನಿಯನ್ನು ಆ ಹುಡುಗ ತನ್ನ ಉಯಿಲು ಬರೆದುಕೊಡಿ ಎಂದು ಕೇಳಿದ್ದ. ರಾಮ್ನಿ ಕಾಗದ ಹಿಡಿದು ಬಂದು ಪಕ್ಕದಲ್ಲಿ ಕೂತು, ಅವನ ಆಟದ ಸಾಮಾನು ಯಾರಿಗೆಂದು ಬರೆದುಕೊಂಡರಂತೆ. ಹಿಂದಿನ ನವೆಂಬರಿನಲ್ಲಿ ಚರ್ಚಿನ ಮೇಜಿಗೆ ಬಾರದವರ ಬಗ್ಗೆ ಬೇರೆಯವರು ಹೇಳಿದ ಮಾತು ಇದು. ಟಿ.ವಿ. ಮುಂದೆ ನಾನು ಮನೆಯೊಡತಿಯ ಪಕ್ಕದಲ್ಲಿ ಕೂತಿದ್ದೆ. “ಇದನ್ನು ರಾಮ್ನಿ ಅಂದೇ ಬಂದು ಹೇಳಿದ್ದರೆ!” ಎಂದರು ಅವರು. ತಾವೇ ಬಂದು ಹೇಳಿದ್ದರೆ ಅದರ ಬೆಲೆ ಅರ್ಧವಾಗುತ್ತಿತ್ತು ಎಂದೆ. ಆ ವಾದ ನಮ್ಮಿಬ್ಬರ ನಡುವೆ ಇನ್ನೂ ತೀರಿಲ್ಲ.

2012ರ ಜನವರಿಯ ಆ ಕಾಕಸ್‌ನಲ್ಲಿ ಮೊದಲು ರಾಮ್ನಿ 8 ಮತಗಳಿಂದ ಮುಂದೆ ಎಂದರು. ಎರಡು ವಾರ ಕಳೆದು, ಸ್ಯಾಂಟೋರಮ್ 34 ಮತಗಳಿಂದ ಮುಂದೆ ಎಂದರು. ಕೆಲವು ವಾರ್ಡುಗಳ ಲೆಕ್ಕ ಸಿಗಲೇ ಇಲ್ಲ. ದೇವರ ಚಿತ್ತವನ್ನು ಆ ಅಂಕಿಗಳಲ್ಲಿ ಓದುವ ಆಸೆ ರೈತರಿಗೂ ಬಿಟ್ಟುಹೋಯಿತು. ನಾಲ್ಕು ವರ್ಷದ ನಂತರ ಹಕಬಿ ಮತ್ತೆ ಕಣಕ್ಕೆ ಬಂದರು. 2016ರ ಫೆಬ್ರವರಿ 1ರಂದು ಅಯೋವಾದಲ್ಲಿ ಅವರಿಗೆ ನೂರಕ್ಕೆ ಎರಡು ಮತವೂ ಪೂರ್ತಿ ಬರಲಿಲ್ಲ, ಅಂದೇ ರಾತ್ರಿ ಪ್ರಚಾರ ನಿಲ್ಲಿಸಿದರು. ನಮ್ಮ ಹಾಲಿನಲ್ಲಿ ಅವರ ಪರವಾಗಿ ಎದ್ದು ಮಾತಾಡಿದವರು ಮನೆಯೊಡತಿಯೇ. ಕಾರಿನಲ್ಲಿ ವಾಪಸು ಬರುವಾಗ ಅವರು ಹೇಳಿದರು, 2011ರಲ್ಲಿ ಕರೆದದ್ದು ನಾವು, ಆಗ ಅವರು ಬರಬೇಕಿತ್ತು ಎಂದು. ಐದು ವರ್ಷದಲ್ಲಿ ಅವರು ನನ್ನೊಂದಿಗೆ ಒಪ್ಪಿದ ಮೊದಲ ಮಾತು ಅದು.