ಅರಿವೂ ಅನುಕಂಪೆಯೂ



ಪರರ ನೋವನ್ನು ಅರಿಯುವುದು ಬೇರೆ, ಅದಕ್ಕೆ ಮರುಗುವುದು ಬೇರೆ. ಓರಗೆಯ ಬಾಲಕನನ್ನು ನಿತ್ಯವೂ ಹಂಗಿಸಿ, ಹೊಡೆದು, ಒಂಟಿಯಾಗಿಸುವ ಹುಡುಗನನ್ನು ಕಂಡು “ಹುಡುಗುಬುದ್ಧಿ, ತಿಳಿಯದೆ ಮಾಡಿದ್ದಾನೆ” ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಅನೇಕ ವೇಳೆ ಅವನಿಗೆ ಚೆನ್ನಾಗಿಯೇ ತಿಳಿದಿರುತ್ತದೆ. ಯಾವ ಮಾತು ಎಲ್ಲಿ ನಾಟುವುದೆಂದು ಬಲ್ಲವನಾದುದರಿಂದಲೇ ಅದನ್ನು ಆರಿಸಿ ಆಡುತ್ತಾನೆ.

ಪರಭಾವವನ್ನು ಬುದ್ಧಿಯಿಂದ ಗ್ರಹಿಸುವ ಶಕ್ತಿಯನ್ನೂ ಹೃದಯದಿಂದ ಅನುಭವಿಸುವ ಶಕ್ತಿಯನ್ನೂ ಮನಶ್ಶಾಸ್ತ್ರಜ್ಞರು ಬೇರೆಬೇರೆಯಾಗಿ ಎಣಿಸುತ್ತಾರೆ. ಪೀಡಕರಾದ ಕೆಲವು ಕಿಶೋರರಲ್ಲಿ ಮೊದಲನೆಯದು ತೀಕ್ಷ್ಣವಾಗಿದ್ದು ಎರಡನೆಯದು ಬತ್ತಿರುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಗ್ರಂಥವು, ತೀವ್ರ ದುರ್ನಡತೆಯ ಮಕ್ಕಳಲ್ಲಿ ಪಶ್ಚಾತ್ತಾಪವಿಲ್ಲದಿರುವುದು, ನಿರ್ದಯತೆ, ಕರ್ತವ್ಯದಲ್ಲಿ ಉದಾಸೀನತೆ, ಭಾವಶೂನ್ಯತೆ ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದೆ. ಇವುಗಳಲ್ಲಿ ಎರಡಾದರೂ 12 ತಿಂಗಳ ಕಾಲ, ಹಲವು ಸನ್ನಿವೇಶಗಳಲ್ಲಿ ಕಂಡುಬಂದಿರಬೇಕು. ಆದುದರಿಂದ ಒಂದು ದಿನದ ತುಂಟತನಕ್ಕೆ ಮಗುವನ್ನು ಕ್ರೂರಿಯೆಂದು ಹೆಸರಿಡಲಾಗದು.

ಶರಣಧರ್ಮದಲ್ಲಿ ಅರಿವು ಆಚಾರವಾಗಿ ಹೊಮ್ಮಬೇಕು. ಪಂಚಾಚಾರಗಳಲ್ಲೊಂದಾದ ಭೃತ್ಯಾಚಾರವು ಪರರೆದುರಿನಲ್ಲಿ ಕಿಂಕರಭಾವವನ್ನು ಬೋಧಿಸುತ್ತದೆ. ಕರಸ್ಥಲದ ಲಿಂಗದಲ್ಲಿ ಕಾಣುವ ಚೈತನ್ಯವನ್ನೇ ಪಕ್ಕದಲ್ಲಿ ಕುಳಿತ ಸಹಪಾಠಿಯಲ್ಲಿಯೂ ಕಾಣದವನ ಪೂಜೆ ಅಂಗೈಯಲ್ಲಿಯೇ ನಿಂತುಹೋಗುತ್ತದೆ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಮೊದಲು, ಪೀಡಿತ ಬಾಲಕನಿಗೆ ರಕ್ಷಣೆ ದೊರೆಯಬೇಕು. ನಾರ್ವೆ ದೇಶದಲ್ಲಿ 1982ರಲ್ಲಿ ಮೂವರು ಬಾಲಕರು ಪ್ರಾಣ ಕಳೆದುಕೊಂಡಾಗ, ಜೊತೆಗಾರರ ಪೀಡೆಯೇ ಕಾರಣವೆಂದು ತೋರಿತು. ಮರುವರ್ಷವೇ ಅಲ್ಲಿನ ಸರ್ಕಾರ ಶಾಲೆಗಳಲ್ಲಿ ರಾಷ್ಟ್ರವ್ಯಾಪಿ ಆಂದೋಲನ ಹೂಡಿತು. ಮೂರು ಎಳೆಯ ಜೀವಗಳು ಹೋಗುವವರೆಗೆ ನಾವೂ ಕಾಯಬೇಕೆ?

ಎರಡನೆಯದಾಗಿ, ಪೀಡಿಸುವವನನ್ನು ಥಳಿಸಿ ದಯೆ ಕಲಿಸಲಾಗದು. ಭಾವಶೂನ್ಯ ಮಕ್ಕಳ ಮೇಲೆ ದಂಡನೆಯ ಭಯ ಅಷ್ಟಾಗಿ ನಾಟುವುದಿಲ್ಲವೆಂದೂ, ತಂದೆತಾಯಿಗಳ ವಾತ್ಸಲ್ಯ ಹಾಗೂ ಒಳ್ಳೆಯ ನಡತೆಗೆ ಕೂಡಲೇ ದೊರೆಯುವ ಮೆಚ್ಚುಗೆ ಫಲಕೊಡುವುವೆಂದೂ ಸಂಶೋಧಕರು ಕಂಡಿದ್ದಾರೆ. ವಾತ್ಸಲ್ಯವೆಂದರೆ ಸಡಿಲಬಿಡುವುದೆಂದಲ್ಲ. ಮಾಡಿದ ಕೇಡನ್ನು ಅವನೇ ಸರಿಪಡಿಸುವಂತೆ ದೃಢವಾಗಿ ನಿಲ್ಲಿಸಬೇಕು; ಮನೆಯ ಹಿರಿಯರ ಆರೈಕೆ, ದನಕರುಗಳ ಪೋಷಣೆ, ದಾಸೋಹದಲ್ಲಿ ಬಡಿಸುವ ಕೆಲಸ, ಇವುಗಳಲ್ಲಿ ಅವನ ಕೈಯನ್ನು ತೊಡಗಿಸಬೇಕು.

ಮನೆಯಾಳನ್ನು ತಂದೆಯು ಹೀನಾಯವಾಗಿ ಜರೆದರೆ, ಅದನ್ನೇ ಮಗನು ಶಾಲೆಗೆ ಒಯ್ಯುತ್ತಾನೆ. ಆದುದರಿಂದ ಭಕ್ತರೇ, ಮಕ್ಕಳ ಅಂತಃಕರಣದ ಪರೀಕ್ಷೆಯನ್ನು ನಮ್ಮ ನಾಲಗೆಯಿಂದಲೇ ಆರಂಭಿಸೋಣ.