ಹಿಟ್ಟಿನ ಕೋಳಿ ಮತ್ತು ಮಣ್ಣಿನ ಪಾರಿವಾಳ

ಹಾರುವ ಮಣ್ಣಿನ ಬಿಲ್ಲೆಗೆ ಕೋವಿಯಿಂದ ಗುರಿಯಿಟ್ಟು ಒಡೆಯುವ ಕ್ರೀಡೆಯನ್ನು ಶ್ರಾವಕರ ಮನೆಯ ಮಗುವೊಂದು ಕಲಿಯಬಹುದೇ? ಕಳೆದ ಬೇಸಿಗೆಯ ರಜೆಯಲ್ಲಿ ಅರೇಹಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆಯೇ ಈ ಪ್ರಶ್ನೆ ಎದ್ದಿತು. ಬೆಂಗಳೂರಿನಿಂದ ಬಂದಿದ್ದ ಹದಿಮೂರು ವರ್ಷದ ಮೊಮ್ಮಗ, ತನ್ನ ಗೆಳೆಯರಿಬ್ಬರು ಇದರ ತರಬೇತಿಗೆ ಸೇರುತ್ತಿರುವರೆಂದೂ ತನಗೂ ಸೇರುವ ಆಸೆಯಿದೆಯೆಂದೂ ಹೇಳಿದನು. ಅವನ ತಂದೆ ಆಗಲೇ ಒಪ್ಪಿದ್ದರು. ನಮ್ಮ ಮನೆಯವರು ಮಾತ್ರ, "ಬಸದಿಗೆ ಅಕ್ಷತೆ ಒಯ್ಯುವ ಕೈಗೆ ಕೋವಿಯೇ?" ಎಂದು ಕೇಳಿ ಒಳಗೆ ಹೋದರು. ಉಳಿದವರೆಲ್ಲರೂ ನನ್ನ ಮುಖ ನೋಡಿದರು. ನಲವತ್ತು ವರ್ಷ ಕಾಫಿ, ಮೆಣಸಿನ ವ್ಯಾಪಾರ ಮಾಡಿ ಜಮಾ-ಖರ್ಚು ಹೊಂದಿಸಿದವನು ನಾನು. ಈ ಲೆಕ್ಕ ಮಾತ್ರ ಆ ಸಂಜೆಯೇ ಹೊಂದಲಿಲ್ಲ.

ವಾಚಕರಲ್ಲಿ ಅನೇಕರು ಈ ಕ್ರೀಡೆಯನ್ನು ಕಂಡಿರಲಾರರು. ಬಿಲ್ಲೆ ಸುಮಾರು 110 ಮಿಲಿಮೀಟರು ಅಗಲದ, 105 ಗ್ರಾಂ ತೂಕದ ಚಿಕ್ಕ ತಟ್ಟೆ. ಹೆಸರಿಗೆ ಮಣ್ಣು, ನಿಜದಲ್ಲಿ ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು. ಯಂತ್ರವೊಂದು ಅದನ್ನು ಗಾಳಿಗೆ ಎಸೆಯುತ್ತದೆ. ಆಟಗಾರನು 12 ಬೋರಿನ ಜೋಡುನಳಿಗೆ ಕೋವಿಯಿಂದ ಅದನ್ನು ಒಡೆಯಬೇಕು. ಇದರಲ್ಲಿ ನಮ್ಮ ದೇಶಕ್ಕೆ ಕೀರ್ತಿಯೂ ಬಂದಿದೆ. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗರು 1962ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಪಡೆದರು. ರಾಜ್ಯವರ್ಧನ ಸಿಂಗ್ ರಾಥೋಡರು 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದರು. ಆದುದರಿಂದ ಇದು ಪುಂಡರ ಆಟವೆಂದು ತಳ್ಳಿಹಾಕುವಂತಿಲ್ಲ.

ಕೋವಿ ಆಯುಧ, ಆಯುಧವೇ ಪಾಪ, ಆದ್ದರಿಂದ ಬೇಡ ಎಂದುಬಿಟ್ಟರೆ ವಾದ ಮುಗಿಯುತ್ತದೆ. ಆದರೆ ನಮ್ಮ ಚರಿತ್ರೆ ಹಾಗೆ ಹೇಳಲು ಬಿಡುವುದಿಲ್ಲ. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಸೇನಾಪತಿ. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪಣನು ಕಟ್ಟಿಸಿದುದು ತನ್ನ ತಂದೆ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ. ನಮ್ಮೂರಿಗೆ ದೂರವಲ್ಲದ ಅಂಗಡಿಯಲ್ಲಿ, ಹಿಂದಿನ ಸೊಸೆವೂರಿನಲ್ಲಿ, ಮೇಲೆರಗಿದ ಹುಲಿಯನ್ನು ಹೊಡೆಯೆಂದು ಸಳನಿಗೆ ಹೇಳಿದವರು ಸುದತ್ತರೆಂಬ ಜೈನ ಮುನಿಗಳೇ ಎಂಬ ಐತಿಹ್ಯವನ್ನು ಬೇಲೂರಿನ ಮಕ್ಕಳೂ ಬಲ್ಲರು. ಗೃಹಸ್ಥನ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ ಆಚಾರ್ಯರು ಮೊದಲ ಮೂರನ್ನು ಮಿತಿಗೊಳಪಡಿಸಿದರು. ಕೊಲ್ಲಬೇಕೆಂಬ ಸಂಕಲ್ಪದಿಂದಾಗುವ ನಾಲ್ಕನೆಯದನ್ನು ಪೂರ್ಣವಾಗಿ ಬಿಡಿಸಿದರು. ಬಿಲ್ಲೆ ಒಡೆಯುವುದು ಅಡುಗೆಗಲ್ಲ, ಜೀವನೋಪಾಯಕ್ಕಲ್ಲ, ಆತ್ಮರಕ್ಷಣೆಗೂ ಅಲ್ಲ. ಹಾಗಾದರೆ ಉಳಿಯುವ ಪ್ರಶ್ನೆ ಒಂದೇ. ಅದರಲ್ಲಿ ಸಂಕಲ್ಪವಿದೆಯೇ?

ಜೀವವಿಲ್ಲದ ತಟ್ಟೆಯ ಮೇಲೆ ಎಂಥ ಸಂಕಲ್ಪ ಎಂದು ಅಳಿಯಂದಿರು ಕೇಳಿದರು. ಈ ಮಾತಿಗೆ ಎಂಟು ನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಉತ್ತರ ದೊರೆತಿದೆ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ, ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಹಿಟ್ಟಿಗೆ ನೋವಿಲ್ಲ, ರಕ್ತವಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ ಜನ್ಮದಿಂದ ಜನ್ಮಕ್ಕೆ ಅಲೆಯುತ್ತಾರೆ. ಈ ಕಥೆಯನ್ನು ಮಾರಿದತ್ತ ರಾಜನ ಮುಂದೆ ಹೇಳುವವನು ಬಲಿಗೆಂದು ಹಿಡಿದು ತಂದ ಒಬ್ಬ ಬಾಲಕ ಎಂಬುದನ್ನು ಮಕ್ಕಳಿಗೆ ಪಾಠ ಹೇಳುವವರು ಮರೆಯಬಾರದು. 13ನೆಯ ಶತಮಾನದ ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ಇನ್ನೂ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಬೇಟೆಯೆಂಬ ವ್ಯಸನವನ್ನು ತ್ಯಜಿಸಿದವನು ಬಟ್ಟೆಯ ಮೇಲೆ, ನಾಣ್ಯದ ಮೇಲೆ ಮೂಡಿಸಿದ ಪ್ರಾಣಿಯ ರೂಪವನ್ನೂ ಕತ್ತರಿಸಬಾರದೆಂಬುದು ಅವರ ಅಭಿಪ್ರಾಯ.

ಹಾಗಾದರೆ ಬಿಲ್ಲೆಯೂ ಹಿಟ್ಟಿನ ಕೋಳಿಯೇ? ಅದರ ಹುಟ್ಟನ್ನು ನೋಡಿದರೆ ಹೌದೆನಿಸುತ್ತದೆ. ಪಶ್ಚಿಮ ದೇಶಗಳ ಶ್ರೀಮಂತರು ಪಂಜರದಿಂದ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿಯೂ ಆ ಕ್ರೂರ ಸ್ಪರ್ಧೆ ನಡೆಯಿತು. ಪಾರಿವಾಳಗಳಿಗೆ ಬದಲಾಗಿ ಮೊದಲು ಗಾಜಿನ ಗೋಲಿಗಳು ಬಂದವು. 1880ರ ಸುಮಾರಿಗೆ ಅಮೆರಿಕದ ಲಿಗೌಸ್ಕಿ ಎಂಬಾತನು ಮಣ್ಣಿನ ಬಿಲ್ಲೆಯನ್ನು ತಂದನು. ಪಾರಿವಾಳ ಹೋಯಿತು, ಮಾತು ಉಳಿಯಿತು. ಇಂದಿಗೂ ಬಿಲ್ಲೆಗೆ 'ಬರ್ಡ್' ಎನ್ನುತ್ತಾರೆ. ಒಡೆದರೆ 'ಡೆಡ್', ತಪ್ಪಿದರೆ 'ಲಾಸ್ಟ್'. ಬಿಲ್ಲೆ ಬಿಡೆಂದು ಕೂಗುವ 'ಪುಲ್' ಎಂಬ ಶಬ್ದವೂ ಪಂಜರದ ಹಗ್ಗವನ್ನು ಎಳೆ ಎಂಬುದರಿಂದಲೇ ಬಂದುದು.

ಇಷ್ಟಾದರೂ ಅದನ್ನು ಕಂಡುಹಿಡಿದವರನ್ನು ನಿಂದಿಸಲು ನನಗೆ ಮನಸ್ಸಿಲ್ಲ. ಆ ತಟ್ಟೆಯಿಂದ ಎಷ್ಟೋ ಪಾರಿವಾಳಗಳು ಉಳಿದವು. ನಮ್ಮ ನೆರೆಯ ಕೊಡಗನ್ನು ನೋಡಿರಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಹಿಂದೆ ಅದು ಬೇಟೆಯ ಕಾಲದ ಆರಂಭವೂ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಗೆ ಅವಕಾಶವಿಲ್ಲ. ಇಂದು ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಕಾಡುಹಂದಿಯಿಂದ ತೆಂಗಿನಕಾಯಿಗೆ ಬಂದ ಕೋವಿ ಅಹಿಂಸೆಯ ಕಡೆಗೇ ಒಂದು ಹೆಜ್ಜೆ ಇಟ್ಟಿದೆಯೆಂದು ನಾವು ಸಂತೋಷಪಡಬೇಕು.

ಆದರೆ ಒಂದೇ ಮೆಟ್ಟಿಲು ಎಲ್ಲರಿಗೂ ಒಂದೇ ದಿಕ್ಕನ್ನು ತೋರಿಸುವುದಿಲ್ಲ. ಬೇಟೆಯಿಂದ ಹಿಂದೆ ಸರಿಯುತ್ತಿರುವವನಿಗೆ ಬಿಲ್ಲೆಯು ದಯೆಯ ಕಡೆಗೆ ಏರುವ ಮೆಟ್ಟಿಲು. ತಲೆಮಾರುಗಳಿಂದ ಬೇಟೆಯನ್ನೇ ಕಾಣದ ಮನೆಯ ಮಗುವಿಗೆ ಅದೇ ಬಿಲ್ಲೆಯು ಕೆಳಗಿಳಿಯುವ ಮೊದಲ ಮೆಟ್ಟಿಲಾಗಬಹುದು. ಆದುದರಿಂದ ಬಿಲ್ಲೆಯನ್ನು ಪರೀಕ್ಷಿಸಿದರೆ ಉತ್ತರ ದೊರೆಯಲಾರದು. ಮಗುವಿನ ಮನಸ್ಸು ಯಾವ ಕಡೆಗೆ ಮುಖ ಮಾಡಿದೆಯೆಂದು ನೋಡಬೇಕು.

ಇದನ್ನು ಗ್ರಂಥ ನೋಡಿ ಹೇಳುತ್ತಿಲ್ಲ. ನಾನು ಹತ್ತು ವರ್ಷದವನಿದ್ದಾಗ ಗೆಳೆಯನೊಬ್ಬನು ಪೇರಲೆ ಕವೆಗೆ ಸೈಕಲ್ ಟ್ಯೂಬು ಕಟ್ಟಿ ನನಗೊಂದು ರಬ್ಬರುಬಿಲ್ಲು ಮಾಡಿಕೊಟ್ಟನು. ತಿಂಗಳುಗಟ್ಟಲೆ ಬೇಲಿಯ ಮೇಲಿಟ್ಟ ಹಳೆಯ ಡಬ್ಬಿಗೆ ಹೊಡೆದೆನು. ಗುರಿ ಕುದುರಿತು. ಒಂದು ಮುಂಜಾನೆ ಡಬ್ಬಿಯ ಪಕ್ಕದಲ್ಲಿ ಪಿಕಳಾರವೊಂದು ಬಂದು ಕುಳಿತಿತು. ಕೊಲ್ಲಬೇಕೆಂಬ ಯೋಚನೆ ನನಗೆ ಬಂದ ನೆನಪಿಲ್ಲ. ಕಣ್ಣು ಮಾತ್ರ ಡಬ್ಬಿಯಿಂದ ನಾಲ್ಕು ಅಂಗುಲ ಆಚೆಗೆ ಸರಿಯಿತು. ಹಕ್ಕಿ ಬಿದ್ದಿತು. ಬೆಚ್ಚಗಿತ್ತು. ಕಾಫಿ ಗಿಡದ ಬುಡದಲ್ಲಿ ಹೂತುಹಾಕಿ ಬಂದು ಯಾರಿಗೂ ಹೇಳಲಿಲ್ಲ. ಆ ದಿನ ಸಂಜೆ ಪಾಠಶಾಲೆಯಲ್ಲಿ ಸಪ್ತವ್ಯಸನಗಳ ಹೆಸರುಗಳನ್ನು ಉಳಿದ ಮಕ್ಕಳೊಡನೆ ನಾನೂ ಒಪ್ಪಿಸಿದೆನು. ಪ್ರಮಾದವೇ ಹಿಂಸೆಯ ಬೇರೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವುದರ ಅರ್ಥ ನನಗೆ ತಿಳಿದುದು ವರ್ಷಗಳ ನಂತರ. ಮನೆಯವರಿಗೂ ಈ ಸಂಗತಿಯನ್ನು ಹೇಳಿದುದು ಈ ಬೇಸಿಗೆಯಲ್ಲಿಯೇ.

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಒಳ್ಳೆಯ ಶಿಕ್ಷಕನು ಹೊಸಬನಿಗೆ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ. ಕೋವಿ ಸದಾ ತುಂಬಿದೆಯೆಂದೇ ತಿಳಿ; ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡ; ನಿನ್ನ ಸರದಿ ಬರುವವರೆಗೆ ಅದನ್ನು ಮಡಿಚಿ ಬರಿದಾಗಿ ಹಿಡಿ; ಗುರಿಯ ಹಿಂದೆ ಏನಿದೆಯೆಂದು ತಿಳಿಯದೆ ಟ್ರಿಗರ್ ಮುಟ್ಟಬೇಡ; ಕಿವಿಗೂ ಕಣ್ಣಿಗೂ ರಕ್ಷಣೆಯಿಲ್ಲದೆ ಮೈದಾನಕ್ಕೆ ಇಳಿಯಬೇಡ. ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು ನಮ್ಮಲ್ಲಿ ಆದಾನನಿಕ್ಷೇಪಣ ಸಮಿತಿ. ಅದು ಮುನಿಗಳ ಆಚಾರವಾದರೂ ಶ್ರಾವಕನು ಶಕ್ತ್ಯನುಸಾರ ಅಭ್ಯಾಸ ಮಾಡತಕ್ಕದ್ದು. ನನ್ನ ರಬ್ಬರುಬಿಲ್ಲಿಗೆ ಇಂಥ ಶಿಕ್ಷಕನಿದ್ದಿದ್ದರೆ ಪಿಕಳಾರ ಉಳಿಯುತ್ತಿತ್ತೋ ಏನೋ.

ಮುಂದಿನದು ವ್ಯಾಪಾರಿಯ ಲೆಕ್ಕ. ಸ್ಪರ್ಧೆಯ ಒಂದು ತೋಟಾದಲ್ಲಿ 24 ಗ್ರಾಂ ಸೀಸದ ಚರೆ ಇರುತ್ತದೆ. ಒಂದು ಸುತ್ತಿಗೆ 25 ಬಿಲ್ಲೆ. ಬಿಲ್ಲೆಗೊಂದೇ ತೋಟಾ ಎಂದುಕೊಂಡರೂ ಸುತ್ತಿಗೆ 600 ಗ್ರಾಂ. ಹುಡುಗನೊಬ್ಬನು ವಾರಕ್ಕೆ ನಾಲ್ಕು ಸುತ್ತು ಅಭ್ಯಾಸ ಮಾಡಿದರೆ ವರ್ಷಕ್ಕೆ ಸುಮಾರು 125 ಕಿಲೋ ಸೀಸ ನೆಲಕ್ಕೆ ಬೀಳುತ್ತದೆ. ಕಾಫಿಯ ತೂಕದಲ್ಲಿ ಹೇಳುವುದಾದರೆ 50 ಕಿಲೋವಿನ ಎರಡೂವರೆ ಮೂಟೆ. ಹಕ್ಕಿಗಳು ಕಾಳು ಅರೆಯಲೆಂದು ಸಣ್ಣ ಕಲ್ಲು ನುಂಗುವಾಗ ಈ ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ. ಈ ಕಾರಣದಿಂದಲೇ ಯುರೋಪಿನ ಒಕ್ಕೂಟವು ಜೌಗುಪ್ರದೇಶಗಳಲ್ಲಿ ಸೀಸದ ಚರೆ ಹಾರಿಸುವುದನ್ನು 2023ರಿಂದ ನಿಷೇಧಿಸಿತು. ಬಿಲ್ಲೆಗೆ ಜೀವವಿಲ್ಲವೆಂದು ಸಮಾಧಾನಪಟ್ಟವನು ಬಿಲ್ಲೆಯ ಆಚೆ ಚರೆ ಎಲ್ಲಿ ಬಿದ್ದಿತೆಂದು ಕೇಳದಿದ್ದರೆ, ಕಾಣದ ಹಿಂಸೆಯನ್ನು ಲೆಕ್ಕಕ್ಕೆ ಹಿಡಿಯದೆ ಲಾಭ ತೋರಿಸಿದಂತಾಗುತ್ತದೆ. ಉಕ್ಕಿನ ಚರೆಯೂ ದೊರೆಯುತ್ತದೆ. ಬಿದ್ದ ಸೀಸವನ್ನು ಆರಿಸಿ ತೆಗೆಯುವ ಮೈದಾನಗಳೂ ಇವೆ. ಕೇಳುವುದು ತಂದೆತಾಯಿಗಳ ಕರ್ತವ್ಯ.

ಕೊನೆಯದಾಗಿ ಕೋವಿ ಎಲ್ಲಿರಬೇಕೆಂಬ ವಿಚಾರ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಕೊಲ್ಲುವ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದೂ ದೋಷ. ನಮ್ಮ ಕಾಯಿದೆಯೂ 21 ವರ್ಷ ತುಂಬದವರಿಗೆ ಕೋವಿಯ ಒಡೆತನ ಕೊಡದೆ, ತರಬೇತಿಯಲ್ಲಿ ಬಳಸಲು ಮಾತ್ರ ನಿಬಂಧನೆಗಳೊಡನೆ ಬಿಡುತ್ತದೆ. ನಮ್ಮ ಕಡೆಯ ತೋಟದ ಮನೆಗಳಲ್ಲಿ ಕೋವಿ ಹೊಸದಲ್ಲ. ಚುನಾವಣೆ ಬಂದಾಗ ಅವನ್ನು ಠಾಣೆಗೆ ಒಪ್ಪಿಸಿ ಬರುವುದೂ ವಾಡಿಕೆ. ಮನೆಯಲ್ಲಿದ್ದ ವಸ್ತು ಕೋಪದ ಗಳಿಗೆಯಲ್ಲಿ ಕೈಗೆ ಸಿಗುತ್ತದೆಂಬ ಭಯದಿಂದಲೇ ಈ ಏರ್ಪಾಡು. ಚುನಾವಣೆಯ ತಿಂಗಳಿಗೆ ಸಲ್ಲುವ ಎಚ್ಚರ ಉಳಿದ ತಿಂಗಳುಗಳಿಗೂ ಸಲ್ಲತಕ್ಕದ್ದು.

ಹೀಗೆಲ್ಲ ವಿಚಾರಿಸಿ ಮೊಮ್ಮಗನನ್ನು ಕೂರಿಸಿಕೊಂಡು ಪಿಕಳಾರದ ಕಥೆಯನ್ನೂ ಯಶೋಧರನ ಕಥೆಯನ್ನೂ ಹೇಳಿದೆನು. ಅನಂತರ ನಾಲ್ಕು ನಿಯಮಗಳನ್ನು ಮುಂದಿಟ್ಟೆನು. ಜೀವವಿರುವ ಯಾವುದಕ್ಕೂ, ಜೀವದ ರೂಪವಿರುವ ಯಾವುದಕ್ಕೂ ಎಂದಿಗೂ ಗುರಿಯಿಡಕೂಡದು. ಬಿಲ್ಲೆಯನ್ನು ಹಕ್ಕಿಯೆನ್ನದೆ ಬಿಲ್ಲೆಯೆಂದೇ ಕರೆಯಬೇಕು, ಒಡೆದುದನ್ನು ಸತ್ತಿತೆನ್ನಬಾರದು. ಕೋವಿ ಮೈದಾನದಲ್ಲಿಯೇ ಉಳಿಯಬೇಕು, ಮನೆಗೆ ಬರಕೂಡದು. ಚರೆ ಬೀಳುವ ಜಾಗವನ್ನು ನೋಡಿಕೊಂಡು ಬಂದ ಮೇಲೆಯೇ ಸೇರಬೇಕು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಅಲ್ಲಿ ಹತ್ತಿರ ಕೆರೆಯಿದ್ದರೆ?" ಎಂದನು. "ಆಗ ಬೇಡ ಮಗೂ," ಎಂದೆನು. "ಅದನ್ನು ನಾನೇ ಹೋಗಿ ನೋಡುತ್ತೇನೆ," ಎಂದು ಎದ್ದನು.

ನಮ್ಮ ಮನೆಯವರು ಇಂದಿಗೂ ಒಪ್ಪಿಲ್ಲ. ಪ್ರಯೋಜನವಿಲ್ಲದ ವಸ್ತುವನ್ನು ಒಡೆದು ಆನಂದಪಡುವುದೇ ಅನರ್ಥದಂಡವಲ್ಲವೇ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಇದು ಕ್ರೀಡೆ, ಏಕಾಗ್ರತೆಯ ಸಾಧನೆ ಎಂದು ಹೇಳುವಾಗ ನನ್ನ ದನಿಯೇ ನನಗೆ ತುಸು ತಗ್ಗಿದಂತೆ ಕೇಳುತ್ತದೆ. ಆದುದರಿಂದ ಬೇರೆ ಮನೆಯವರು ಬೇಡವೆಂದು ನಿರ್ಧರಿಸಿದರೆ ಅವರೇ ಹೆಚ್ಚು ಸರಿಯಿರಬಹುದು. ನನ್ನ ಬೇಡಿಕೆ ಇಷ್ಟೇ. ಬಸದಿಯ ಆಡಳಿತ ಮಂಡಳಿಗಳು ನಡೆಸುವ ಬೇಸಿಗೆ ಪಾಠಶಾಲೆಗಳಲ್ಲಿ ಸಪ್ತವ್ಯಸನಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿ ಬಿಡಬಾರದು. ನಾನು ಆ ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸಿದ ಸಂಜೆ ನನ್ನ ಉಗುರಿನಲ್ಲಿ ಹಕ್ಕಿಯನ್ನು ಹೂತ ಮಣ್ಣು ಇನ್ನೂ ಇತ್ತು. ಯಾರಾದರೂ ಕೈ ತೋರಿಸು ಎಂದು ಕೇಳಿದ್ದರೆ ಅಂದೇ ಹೇಳಿಬಿಡುತ್ತಿದ್ದೆನು.