ಮುಚ್ಚಳದ ಮೇಲಿನ ಸಂಖ್ಯೆ

ಗಂಗೊಳ್ಳಿಯಲ್ಲಿ ನನ್ನ ಮಾವನಿಗೊಂದು ನಾಡದೋಣಿಯಿದೆ. ಅದರ ಔಟ್‌ಬೋರ್ಡ್ ಎಂಜಿನ್‌ಗೆ ಹೆಚ್ಚು ಕಡಿಮೆ ನನ್ನದೇ ವಯಸ್ಸು. ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತದೆ. ಮುಚ್ಚಳದ ಮೇಲೆ 9.9 ಎಂದು ಬರೆದಿದೆ. ಅಂದರೆ 10 ಅಶ್ವಶಕ್ತಿಗೆ ಒಂದು ಕೂದಲೆಳೆ ಕಡಿಮೆ.

ಕಳೆದ ಮೇ ತಿಂಗಳಲ್ಲಿ, ಪಿಎಚ್‌ಡಿಯ ಅಧ್ಯಾಯವೊಂದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋದಾಗ, ಎಂಜಿನ್ ಬಿಚ್ಚಿ ಇಟ್ಟಿದ್ದರು. ಹಳೆಯ ಟು-ಸ್ಟ್ರೋಕ್ ಎಂಜಿನ್‌ಗಳ ಕೆಲವು ಮಾದರಿಗಳಲ್ಲಿ 9.9ಕ್ಕೂ 15ಕ್ಕೂ ಸಿಲಿಂಡರ್, ಪಿಸ್ಟನ್ ಒಂದೇ. ಮುಖ್ಯ ವ್ಯತ್ಯಾಸ ಕಾರ್ಬೊರೇಟರಿನಲ್ಲಿ. ಇದೂ ಅಂಥದ್ದೇ. ಮೆಕ್ಯಾನಿಕ್ ಹೇಳಿದ: "ದೊಡ್ಡ ಕಾರ್ಬೊರೇಟರ್ ಹಾಕುವ. ಮುಚ್ಚಳ ಹಳೇದೇ ಇರ್ಲಿ."

ನನಗೆ ಚುಚ್ಚಿದ್ದು ಆ ಎರಡನೆಯ ವಾಕ್ಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತಾನ ಉಳಿಯಲೆಂದು ಮಾಡಿದ ನಿಯಮವದು. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮುಚ್ಚಳದ ಸಂಖ್ಯೆ ಹಾಗಾಗಿ ಬರೀ ಅಳತೆಯಲ್ಲ, ಅಕ್ಕಪಕ್ಕದ ದೋಣಿಯವರಿಗೆ ಕೊಟ್ಟ ಮಾತು. ಎಲ್ಲರೂ ಹೀಗೇ ಮಾಡಿದರೆ ಆ ವಿನಾಯಿತಿಗೆ ಅರ್ಥವೇನು ಎಂದು, ಕಾಂಟ್‌ನ ಹೆಸರೆತ್ತದೆ, ಕಾಂಟ್‌ನ ವಾದವನ್ನೇ ಮಾವನ ಮುಂದಿಟ್ಟೆ.

ಮಾವ ಕೈಯ ಎಣ್ಣೆ ಒರೆಸಿಕೊಂಡು ಕೇಳಿದರು: "ಅಳಿವೆಯಲ್ಲಿ ಬೆನ್ನ್ ಹಿಂದೆ ತೆರೆ ಎದ್ದಾಗ ನಿನ್ನ ಪುಸ್ತಕ ದೋಣಿ ದೂಡತ್ತಾ ಮಾಣಿ?"

ನನ್ನಲ್ಲಿ ಉತ್ತರವಿರಲಿಲ್ಲ. ಮಳೆಗಾಲದ ಅಳಿವೆಯಲ್ಲಿ ದೋಣಿ ಮಗುಚುವುದನ್ನು ಅವರು ಕಂಡವರು. ನಾನು ದಡದಲ್ಲಿ ನಿಂತು ನಿಯಮ ಹೇಳುವವನು. ನಿಯಮದ ಬೆಲೆಯನ್ನು ಇನ್ನೊಬ್ಬರು ಜೀವದಿಂದ ತೆರಬೇಕಾದಾಗ ಅದನ್ನು ಹೇಳುವ ಹಕ್ಕು ನನಗೆಷ್ಟು?

ಮರುದಿನ ಮಾವನೇ ಬೇರೆ ದಾರಿ ಹಿಡಿದರು. ಅಳಿವೆ ದಾಟಲು ಬೇಕಾದ್ದು ಓಟವಲ್ಲ, ನೂಕುಬಲ. ಕಡಿಮೆ ಪಿಚ್ಚಿನ ಫ್ಯಾನು ಹಾಕಿದರೆ ಅದು ಒಂದು ಸುತ್ತಿಗೆ ಸಾಗುವ ದೂರ ಕಡಿಮೆ. ಆದರೆ ಭಾರ ಹೊತ್ತಾಗಲೂ ಎಂಜಿನ್ ಏದುಸಿರು ಬಿಡದೆ ತಿರುಗುತ್ತದೆ. ವೇಗ ತಗ್ಗುತ್ತದೆ, ನೂಕು ಹೆಚ್ಚುತ್ತದೆ. ಕಾರ್ಬೊರೇಟರ್ ಸ್ವಚ್ಛ ಮಾಡಿ ಹಳೆಯದನ್ನೇ ಕೂರಿಸಿದರು.

"ಹದಿನೈದು ಇದ್ರೆ ಅಳಿವೆಗೆ ಮಾತ್ರ ಅಂತ ಇಟ್ಕಂಬುಕ್ ಆತ್ತಾ?" ಎಂದರು. "ಎದುರಿನ ದೋಣಿಗೆ ಮೀನು ಸಿಕ್ಕಿದ್ದ್ ಕಂಡ್ರೆ ಕೈ ಸುಮ್ನಿರತ್ತಾ?"

ನನ್ನ ವಾದ ಗೆದ್ದಿತೆಂದು ಅನ್ನಿಸಲಿಲ್ಲ. ಮೂರನೆಯ ದಾರಿಯೊಂದು ಇತ್ತು, ಅಷ್ಟೇ. ಅದು ಇಲ್ಲದಿದ್ದರೆ ನಾನು ಯಾವ ಬದಿಗೆ ನಿಲ್ಲುತ್ತಿದ್ದೆ? ಅರ್ಧಕ್ಕೆ ನಿಂತ ಅಧ್ಯಾಯಕ್ಕೆ ಮರಳಿದಾಗ ಅದರಲ್ಲಿದ್ದ 'ನಿಸ್ಸಂದೇಹವಾಗಿ' ಎಂಬ ಪದವನ್ನು ಮೊದಲು ಹೊಡೆದುಹಾಕಿದೆ.